ಒಂದು ಮೀಟರ್ ದಾರ

ನಮ್ಮ ಅಂಗಡಿಯಲ್ಲಿ ಲೆನ್ಸಿನ ಮುಚ್ಚಳ ಮಾರುವುದಿಲ್ಲ. ರೇಂಜ್‌ಫೈಂಡರ್ ಕ್ಯಾಮೆರಾಗಳಿಗೆ ಬೇಕಾದ ಲೆನ್ಸು, ಚೀಲ, ಕೊರಳಪಟ್ಟಿ, ಬಿಸಿಲು ತಡೆಯುವ ಹುಡ್ಡು ಎಲ್ಲ ಇದೆ, ಮುಚ್ಚಳ ಮಾತ್ರ ಇಲ್ಲ. ಕೆಲವರು ವಾದಕ್ಕೆ ನಿಲ್ಲುತ್ತಾರೆ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. "ಗಾಜಿನ ಮೇಲೆ ಧೂಳು ಕೂತ್ರೆ ಒರೆಸಬಹುದು. ಬರದೇ ಹೋದ ಫೋಟೋನ ಏನು ಒರೆಸ್ತೀರಿ?" ಎಂದು ಕಳಿಸಿಬಿಡುತ್ತೇನೆ.

ನಿಯಮ ಮಾಡಿದ್ದು ನನ್ನ ಮಾವ. ಈ ಜಾತಿಯ ಕ್ಯಾಮೆರಾದಲ್ಲಿ ನಾವು ಕಣ್ಣಿಟ್ಟು ನೋಡುವ ಕಿಟಕಿ ಬೇರೆ, ಫಿಲ್ಮಿಗೆ ಬೆಳಕು ಹೋಗುವ ಲೆನ್ಸು ಬೇರೆ. ಲೆನ್ಸಿಗೆ ಮುಚ್ಚಳ ಹಾಕಿಯೇ ಇದ್ದರೂ ಕಿಟಕಿಯಲ್ಲಿ ಜಗತ್ತು ಝಗಝಗ ಕಾಣುತ್ತಿರುತ್ತದೆ. ಮಾವ ಮದುವೆಯಾದ ಎಂಟನೇ ದಿನ ಅತ್ತೆಯನ್ನು ಮಹಡಿಯ ಮೇಲೆ ನಿಲ್ಲಿಸಿ ಒಂದು ಗಂಟೆ ಹೊತ್ತು ಮೂವತ್ತಾರು ಫೋಟೋ ತೆಗೆದರಂತೆ. ಫಿಲ್ಮು ತೊಳೆದು ಬೆಳಕಿಗೆ ಹಿಡಿದರೆ ಕಿಟಕಿಯ ಗಾಜಿನಷ್ಟು ಖಾಲಿ. ಮುಚ್ಚಳ ತೆಗೆದೇ ಇರಲಿಲ್ಲ. "ಇನ್ನು ನಿಮ್ಮ ಕ್ಯಾಮೆರಾ ಮುಂದೆ ನಾನು ಬರಲ್ಲ" ಎಂದರು ಅತ್ತೆ. ನಲವತ್ತೊಂದು ವರ್ಷ ಆ ಮಾತು ಮುರಿಯಲಿಲ್ಲ. ನನ್ನ ಮದುವೆಯ ಆಲ್ಬಮ್ಮಿನಲ್ಲಿ ಅತ್ತೆ ಇರುವುದು ಒಂದೇ ಕಡೆ, ಅದೂ ಮೊಣಕೈ ಮಾತ್ರ.

ನನ್ನ ಗಂಡ ಬಸ್ಸು ಓಡಿಸುತ್ತಾನೆ, ಕ್ಯಾಮೆರಾವನ್ನು "ಆ ಡಬ್ಬಿ" ಎನ್ನುತ್ತಾನೆ. ಕೆಲಸ ಕಲಿತದ್ದು ನಾನು. ಈ ಮನೆಗೆ ಬಂದ ಹೊಸತರಲ್ಲಿ ಮಾವ ಒಂದು ಕ್ಯಾಮೆರಾ ನನ್ನ ಕೈಗಿಟ್ಟು ಎದುರಿಗೆ ನಿಂತರು. ಕಿಟಕಿಯ ನಡುವೆ ಒಂದು ಸಣ್ಣ ಹೊಳೆಯುವ ಚೌಕ, ಅದರೊಳಗೆ ಇಬ್ಬರು ಮಾವ, ಒಬ್ಬರ ಪಕ್ಕಕ್ಕೆ ಇನ್ನೊಬ್ಬರು ಜಾರಿಕೊಂಡು. ಲೆನ್ಸಿನ ಉಂಗುರ ತಿರುಗಿಸಿದೆ. ಇಬ್ಬರೂ ಸರಿದು ಸರಿದು ಒಬ್ಬರಾಗಿ ನಿಂತರು. ಮೈ ಜುಮ್ಮೆಂದಿತು. ಹತ್ತೊಂಬತ್ತು ವರ್ಷವಾಯಿತು, ದಿನಕ್ಕೆ ಹತ್ತು ಸಲ ನೋಡುತ್ತೇನೆ, ಈಗಲೂ ಜುಮ್ಮೆನ್ನುತ್ತದೆ.

ಆ ಚೌಕ ಮಾವನಿಗೆ ಕಾಣದಾಗಿದ್ದು ಈ ವರ್ಷ. ದೃಷ್ಟಿಯ ನಡುಭಾಗ ಹೋಗುತ್ತದೆ, ಅಂಚು ಉಳಿಯುತ್ತದೆ, ಔಷಧಿಯಿಂದ ಹೆಚ್ಚು ಪ್ರಯೋಜನವಿಲ್ಲ ಎಂದರು ಕಣ್ಣಿನ ಡಾಕ್ಟರು. ಅಂಚೂ ಎಷ್ಟು ದಿನವೋ ಹೇಳಲಾರೆವು ಎಂದರು. ವಾರ ಕಳೆದು ಒಂದು ಬೆಳಿಗ್ಗೆ, ನಾನು ಅಂಗಡಿಯ ಕಸ ಗುಡಿಸುತ್ತಿದ್ದಾಗ ಮಾವ ಬಂದು ನಿಂತರು.

"ನಿಮ್ಮತ್ತೆ ಕಿವಿ ಕಾಣತ್ತೆ, ಓಲೆ ಕಾಣತ್ತೆ. ಮೂಗು ಕಾಣಲ್ಲ ಕಣಮ್ಮ."

ಪೊರಕೆಯನ್ನು ಗೋಡೆಗೆ ಒರಗಿಸಿದೆ.

"ಅವಳದ್ದೊಂದು ಫೋಟೋ ತೆಗೀಬೇಕು. ಪೂರ್ತಿ ಹೋಗೋದ್ರೊಳಗೆ. ನನಗೊಂದು ಲೆನ್ಸ್ ಆರಿಸಿಕೊಡು."

ಊರಿಗೆಲ್ಲ ಲೆನ್ಸು ಆರಿಸಿಕೊಟ್ಟವರು ನನ್ನನ್ನು ಕೇಳಿದ್ದರು. ಮೇಜಿನ ಮೇಲೆ ಬಟ್ಟೆ ಹಾಸಿ ಮೊದಲು ಇಪ್ಪತ್ತೆಂಟು ಎಂಎಂನ, ಅಗಲ ನೋಟದ ಲೆನ್ಸು ಇಟ್ಟೆ.

"ಇದು ತಗೊಳ್ಳಿ ಮಾವ. ಒಳಗಿನ ಕಿಂಡಿ ಕಿರಿದು ಮಾಡಿದ್ರೆ ನಾಲ್ಕಡಿಯಿಂದ ಹದಿನೈದಡಿವರೆಗೆ ಏನಿದ್ರೂ ಶಾರ್ಪು. ಕಣ್ಣೇ ಬೇಕಾಗಿಲ್ಲ."

"ಅದರಲ್ಲಿ ಗೋಡೆ ಬರತ್ತೆ, ಕುರ್ಚಿ ಬರತ್ತೆ, ಕ್ಯಾಲೆಂಡರ್ ಬರತ್ತೆ. ನನಗೆ ಕ್ಯಾಲೆಂಡರ್ ಬೇಡ."

ಮೂವತ್ತೈದನ್ನು ಇಟ್ಟೆ. ತಿರುಗಿಸಿ ನೋಡಿ ತಳ್ಳಿದರು. ಕ್ಯಾಮೆರಾದ ಕಿಟಕಿಗೆ ಕೂರಿಸುವ, ದೊಡ್ಡದು ಮಾಡಿ ತೋರಿಸುವ ಗಾಜು ಇಟ್ಟೆ. "ಇರೋ ಮಸುಕನ್ನ ದೊಡ್ಡದು ಮಾಡಿ ತೋರಿಸ್ತೀಯಾ?" ಎಂದರು. ಕೊನೆಗೆ ಬೆರಳು ಕಪಾಟಿನ ಮೇಲಿನ ಅರೆಗೆ ಹೋಯಿತು. ಅಲ್ಲಿ ಆ ಮಹಡಿಯ ದಿನದ ಐವತ್ತರ ಲೆನ್ಸು ಇತ್ತು. ಅಂದಿನಿಂದ ಅದನ್ನು ಕ್ಯಾಮೆರಾಗೆ ಹಾಕಿದವರಲ್ಲ, ಮಾರಿದವರೂ ಅಲ್ಲ. ವರ್ಷಕ್ಕೊಮ್ಮೆ ಒರೆಸಿ ಮತ್ತೆ ಅಲ್ಲೇ ಇಡುತ್ತಿದ್ದರು.

ನನಗೆ ರೇಗಿತು. "ಅದರ ಕಿಂಡಿ ಪೂರ್ತಿ ತೆರೆದ್ರೆ ಹತ್ತಿರದಲ್ಲಿ ಎರಡು ಬೆರಳಗಲ ಜಾಗ ಮಾತ್ರ ಶಾರ್ಪು. ಕಣ್ಣು ಸಿಕ್ಕರೆ ಕಿವಿ ಇಲ್ಲ. ನಡುವಿನ ಚೌಕ ಕಾಣದೋರು ಹೇಗೆ ಹೊಂದಿಸ್ತೀರಿ? ನಾನೇ ಹೊಂದಿಸಿಕೊಡ್ತೀನಿ, ನೀವು ಒತ್ತಿ ಸಾಕು."

"ಆಗ ಅದು ನೀನು ತೆಗೆದ ಫೋಟೋ."

ಲೆನ್ಸನ್ನು ಕಿವಿಯ ಹತ್ತಿರ ಹಿಡಿದು ಉಂಗುರವನ್ನು ಕೊನೆಯವರೆಗೆ ತಿರುಗಿಸಿದರು. ಟಕ್ ಎಂದು ನಿಂತಿತು.

"ಇದಕ್ಕಿಂತ ಹತ್ತಿರ ಇದು ಹೋಗಲ್ಲ. ಇಲ್ಲಿಗೆ ನಿಂತ್ರೆ ಒಂದು ಮೀಟರ್. ಕಾಣಬೇಕಾಗಿಲ್ಲಮ್ಮ, ಕೇಳಿಸತ್ತೆ. ನನಗೊಂದು ಮೀಟರ್ ದಾರ ಕೊಡು. ಇನ್ನೊಂದು ತುದಿ ಅವಳ ಕಣ್ಣಿನ ಪಕ್ಕ ಬರಬೇಕು."

ಸಾವಿರಗಟ್ಟಲೆ ಬೆಲೆಯ ಸಲಕರಣೆಗಳ ನಡುವೆ ಆ ಮನುಷ್ಯ ಕೇಳಿದ್ದು ದಾರ. ನಾನು ಚೀಲ ಹೊಲಿಯುವ ಮೇಣದ ದಾರ ತಂದೆ. ಲೆನ್ಸಿನ ತುದಿಯಿಂದ ಅಳೆದು ಕತ್ತರಿಸಿ ಕೊಟ್ಟೆ. ಮಾವ ಅದರ ಮೇಲೆ ಗೇಣು ಹಾಕುತ್ತಾ ಹೋದರು.

"ಎಲ್ಲಿಂದ ಅಳೆದೆ?"

"ಲೆನ್ಸಿಂದ."

"ಫಿಲ್ಮು ಲೆನ್ಸಿನ ಮೂತೀಲಿ ಕೂತಿರತ್ತಾ?"

ನಾಚಿಕೆಯಾಯಿತು. ದೂರವನ್ನು ಅಳೆಯಬೇಕಾದ್ದು ಹಿಂದೆ ಫಿಲ್ಮು ಇರುವ ಜಾಗದಿಂದ. ಇದನ್ನು ನಾನೇ ಎಷ್ಟು ಜನಕ್ಕೆ ಹೇಳಿಲ್ಲ! ಹೊಸ ದಾರ ಕತ್ತರಿಸಿ, ಕ್ಯಾಮೆರಾದ ಪಕ್ಕದಲ್ಲಿ ಕೊರಳಪಟ್ಟಿ ಸಿಕ್ಕಿಸುವ ಬಳೆಗೆ ಗಂಟು ಹಾಕಿದೆ. ಫಿಲ್ಮು ಸರಿಯಾಗಿ ಅದರ ನೇರಕ್ಕೆ ಇರುತ್ತದೆ. ಮಾವ ಮತ್ತೆ ಗೇಣು ಹಾಕಿ ತಲೆಯಾಡಿಸಿದರು.

ಚೀಲವನ್ನು ಅವರೇ ಆರಿಸಿದರು. ಗೋಡೆಯ ಮೇಲೆ ನಾನು ಹೊಲಿದ ಚರ್ಮದ ಚೀಲಗಳು ಸಾಲಾಗಿದ್ದವು, ಒಂದಕ್ಕಿಂತ ಒಂದು ಚೆಂದ. ಒಂದೊಂದನ್ನೂ ಬಿಚ್ಚಿ ಮುಚ್ಚಿ ಸದ್ದು ಕೇಳಿದರು. "ಪರ್ ಅನ್ನೋದು ಬೇಡ, ಅವಳು ಎದ್ದು ಹೋಗ್ತಾಳೆ" ಎಂದು ಮೂಲೆಯ ಮೊಳೆಗೆ ಕೈಹಾಕಿದರು. ನಾನು ಕಲಿಯುವಾಗ ಹೊಲಿದ ಮೊದಲನೇ ಚೀಲ ಅದು, ಹೊಲಿಗೆ ಸೊಟ್ಟ, ಒಂದೇ ಗುಂಡಿ, ಯಾರೂ ಕೊಂಡಿರಲಿಲ್ಲ. "ಇದರೊಳಗೆ ಕೈ ತಾನಾಗೇ ಹೋಗತ್ತೆ" ಎಂದರು. ಸಂಜೆ ನಾನು ಲೆನ್ಸಿನ ಜಿಡ್ಡು ತೆಗೆದು, ಕ್ಯಾಮೆರಾಗೆ ಹಾಕಿ, ಗಾಜಿಗೆ ಏನೂ ತಾಗದಿರಲಿ ಎಂದು ಜೋಪಾನ ಮಾಡಿ ಆ ಚೀಲದಲ್ಲಿಟ್ಟೆ.

ಉಳಿದದ್ದು ಅತ್ತೆ. ಒಳಗೆ ಹಾಸಿಗೆಯ ಬಟ್ಟೆ ಮಡಿಸುತ್ತಿದ್ದರು. ಸುತ್ತಿ ಬಳಸಿ ಮಾತಾಡಲು ನನಗೆ ಬರುವುದಿಲ್ಲ.

"ಅತ್ತೆ, ಮಾವಂಗೆ ನಿಮ್ಮ ಮೂಗು ಕಾಣ್ತಿಲ್ಲ."

ಮಡಿಕೆ ಅರ್ಧಕ್ಕೆ ನಿಂತಿತು. "ಕಣ್ಣು?" ಎಂದರು.

"ಅದೂ ಇಲ್ಲ. ಕಿವಿ ಮಾತ್ರ. ಒಂದು ಫೋಟೋ ಬೇಕಂತೆ."

ಆ ಬಟ್ಟೆಯ ಸುಕ್ಕನ್ನು ಸವರಿದರು. "ಒಂದೇ. ಎರಡನೇದು ಕೇಳಬಾರದು ಅಂತ ಹೇಳು."

ಮರುದಿನ ಹತ್ತು ಗಂಟೆಗೆ ಇಸ್ತ್ರಿ ಮಾಡಿದ ಬಟ್ಟೆಯಲ್ಲಿ, ತಲೆ ಬಾಚಿಕೊಂಡು ಬಂದು ಗಿರಾಕಿಗಳ ಸ್ಟೂಲಿನ ಮೇಲೆ ಕೂತರು. ಅಂಗಡಿಯ ಬಾಗಿಲು ಅರ್ಧ ಎಳೆದು, ಕಿಟಕಿಯ ಬೆಳಕು ಅವರ ಮುಖಕ್ಕೆ ಬೀಳುವ ಹಾಗೆ ಮಾಡಿದೆ. ಮಾವ ಮೇಜಿನ ಈಚೆ ನಿಂತು, ಕ್ಯಾಮೆರಾ ಚೀಲದಿಂದ ತೆಗೆದು, ಕತ್ತು ಬಗ್ಗಿಸದೆ ಬರೀ ಬೆರಳಲ್ಲಿ ಫಿಲ್ಮು ಹಾಕಿದರು. ಫಿಲ್ಮಿನ ತೂತಿಗೆ ಚಕ್ರದ ಹಲ್ಲು ಕೂರಿಸಿದ್ದು, ಸುತ್ತಿದ್ದು, ಮುಚ್ಚಿದ್ದು, ಎಲ್ಲ ಒಂದೇ ಉಸಿರಿನಲ್ಲಿ. ಕಣ್ಣು ನೆಟ್ಟಗಿರುವ ನಾನು ಅದಕ್ಕೆ ಎರಡರಷ್ಟು ಹೊತ್ತು ತೆಗೆದುಕೊಳ್ಳುತ್ತೇನೆ. ಅವರ ಬೆನ್ನ ಹಿಂದೆ ನಿಂತು ಉಸಿರಾಡಲೂ ಹೆದರಿದೆ.

ಉಂಗುರ ಟಕ್ ಎಂದಿತು. ಅತ್ತೆ ದಾರದ ತುದಿಯನ್ನು ಕಣ್ಣಿನ ಪಕ್ಕದ ಮೂಳೆಗೆ ಒತ್ತಿ ಹಿಡಿದರು. ದಾರ ಬಿಗಿಯಾಯಿತು.

"ಕಿಟಕಿ ಅಂಚಿನ ಗೆರೆ ಕಾಣತ್ತೆ," ಕ್ಯಾಮೆರಾ ಕಣ್ಣಿಗಿಟ್ಟುಕೊಂಡು ಮಾವ ಮೆಲ್ಲಗೆ ಹೇಳಿದರು. "ಕೂದಲು ಕಾಣತ್ತೆ, ಹೆಗಲು ಕಾಣತ್ತೆ. ಅಲುಗಬೇಡ."

"ರೀ, ಸ್ವಲ್ಪ ಇರಿ."

ಅತ್ತೆ ದಾರ ಬಿಟ್ಟು ಎದ್ದರು. ಮೇಜಿನ ಮೇಲೆ ಬಾಗಿ, ಕ್ಯಾಮೆರಾದ ಮುಂಭಾಗಕ್ಕೆ ಕೈಹಾಕಿ, ಪಟ್ ಎಂದು ಏನನ್ನೋ ಕಿತ್ತರು. ಕಪ್ಪು, ದುಂಡಗಿನದು. ಲೆನ್ಸಿನ ಜೊತೆ ಕಪಾಟಿನಲ್ಲಿದ್ದ ಅದೇ ಹಳೆಯ ಮುಚ್ಚಳ. ಗಾಜಿಗೆ ಏನೂ ತಾಗದಿರಲಿ ಎಂದು ನಿನ್ನೆ ಹಾಕಿಟ್ಟವಳು ನಾನೇ, ಊರಿಗೆಲ್ಲ ಮುಚ್ಚಳ ಬೇಡ ಎಂದು ಬೈಯುವವಳು.

ಆ ಸದ್ದಿನ ಗುರುತು ಮಾವನಿಗೆ ಸಿಕ್ಕಿತು. "ಮತ್ತೆ ಅದೇನಾ," ಎಂದರು. ಅಷ್ಟು ಸಣ್ಣ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಅತ್ತೆ ಮುಚ್ಚಳವನ್ನು ಮುಷ್ಟಿಯಲ್ಲಿ ಹಿಡಿದು ಎದೆಯ ಹತ್ತಿರ ಇಟ್ಟುಕೊಂಡು ಕೂತರು. ಇನ್ನೊಂದು ಕೈಯಲ್ಲಿ ದಾರವನ್ನು ಮತ್ತೆ ಕಣ್ಣಿನ ಪಕ್ಕ ಒತ್ತಿದರು.

"ಅವತ್ತೂ ಕಂಡಿತ್ತು," ಎಂದರು.

"ಏನು?"

"ಮುಚ್ಚಳ. ಮಹಡಿ ಮೇಲೆ. ಮೊದಲನೇ ಫೋಟೋಗೇ ಕಂಡಿತ್ತು."

ಹತ್ತೊಂಬತ್ತು ವರ್ಷ ಇದೇ ಕೆಲಸ ಮಾಡಿದ ನನಗೆ ಇದು ಒಮ್ಮೆಯೂ ಹೊಳೆದಿರಲಿಲ್ಲ. ಫೋಟೋ ತೆಗೆಯುವವನಿಗೆ ಮುಚ್ಚಳ ಕಾಣದು, ಎದುರಿಗೆ ನಿಂತವರಿಗೆ ಕಂಡೇ ಕಾಣುತ್ತದೆ. ನಾಲಿಗೆ ತಡೆಯಲಾರದೆ ನಾನೇ ಕೇಳಿಬಿಟ್ಟೆ, "ಮತ್ತೆ ಯಾಕೆ ಹೇಳಲಿಲ್ಲ ಅತ್ತೆ?"

ಅತ್ತೆ ನನ್ನ ಕಡೆ ನೋಡಲಿಲ್ಲ. ಮಾತು ಲೆನ್ಸಿನ ಕಡೆಗೇ ಇತ್ತು.

"ಹೇಳಿದ್ರೆ ನೀವು ನಾಚಿಕೊಂಡು ಕೆಳಗಿಡ್ತಿದ್ರಿ. ನಮ್ಮನೇಲಿ ಏಳು ಜನ ಮಕ್ಕಳು, ನನ್ನ ಮುಖ ನೋಡೋಕೆ ಯಾರಿಗೆ ಪುರುಸೊತ್ತಿತ್ತು? ನೀವು ನೋಡ್ತಾನೇ ಇದ್ರಿ. ಫೋಟೋ ಬರದಿದ್ರೆ ಹೋಗಲಿ, ಇನ್ನೂ ಸ್ವಲ್ಪ ನೋಡಲಿ ಅಂದ್ಕೊಂಡೆ. ಆಮೇಲೆ ನೀವು ಎಲ್ಲರೆದುರು ನಿಮ್ಮನ್ನೇ ಬೈಕೊಂಡ್ರಿ. ತಪ್ಪು ನಂದು ಅಂತ ಹೇಳೋಕೆ ಬಾಯಿ ಬರಲಿಲ್ಲ. ಕೋಪ ಅಲ್ಲ ರೀ. ಇದರ ಮುಂದೆ ಕೂತ್ರೆ ಬಾಯಿಬಿಡ್ತೀನಿ ಅಂತ ಭಯ."

ಚಿಕ್ ಎಂದು ಒಂದು ಸಣ್ಣ ಸದ್ದಾಯಿತು.

"ದಾರ ಬಿಡು," ಎಂದರು ಮಾವ. ಕ್ಯಾಮೆರಾ ಕೆಳಗಿಟ್ಟು, ಮೇಜು ಹಿಡಿದುಕೊಂಡರು. ಕೆನ್ನೆ ಒದ್ದೆಯಾಗಿತ್ತು. ಅತ್ತೆ ಎರಡನೆಯದಕ್ಕೆ ಕಾಯಲಿಲ್ಲ, ಮುಚ್ಚಳ ಮುಷ್ಟಿಯಲ್ಲೇ ಹಿಡಿದು ಒಳಗೆ ಹೋದರು.

ಮಧ್ಯಾಹ್ನವೇ ಫಿಲ್ಮು ತೊಳೆದೆ. ಮೂವತ್ತೈದು ಖಾಲಿ ಚೌಕ, ಮೊದಲನೆಯದರಲ್ಲಿ ಅತ್ತೆ. ಒಣಗಿದ ಮೇಲೆ ದೊಡ್ಡದಾಗಿ ಅಚ್ಚು ತೆಗೆದೆ. ಆಡುತ್ತಿದ್ದ ಮಾತು ತುಟಿಯ ಮೇಲೆ ಇನ್ನೂ ಇತ್ತು. ಓಲೆ ಮಸುಕು, ಕಿವಿ ಮಸುಕು, ಎದೆಯ ಹತ್ತಿರದ ಮುಷ್ಟಿ ಮಸುಕು, ಅದರೊಳಗೆ ಒಂದು ಕಪ್ಪು ಅರ್ಧಚಂದ್ರ. ಮಾವನಿಗೆ ಕಾಣುವುದೆಲ್ಲ ಮಸುಕು, ಕಾಣದೆ ಹೋದದ್ದೆಲ್ಲ ಅಲ್ಲಿ ನಿಚ್ಚಳವಾಗಿತ್ತು. ನನಗೆ ಅಲ್ಲೇ ಕೈ ಮುಗಿಯಬೇಕೆನ್ನಿಸಿತು.

ಮಾವ ಅಚ್ಚನ್ನು ಹಿಡಿದು ಕಣ್ಣಂಚಿಗೆ ಆಚೀಚೆ ಸರಿಸಿ ನೋಡಿದರು. ಸಾಕೆನ್ನಿಸಿತೋ, ಕಾಣಲಿಲ್ಲವೋ, ನನ್ನ ಕೈಗೆ ವಾಪಸು ಕೊಟ್ಟರು.

"ಶಾರ್ಪ್ ಇದೆಯಾ?"

"ರೆಪ್ಪೆ ಎಣಿಸಬಹುದು ಮಾವ."

"ಎಣಿಸು," ಎಂದರು. "ಕೇಳ್ತೀನಿ."

ಭೂತಗನ್ನಡಿ ಕಣ್ಣಿಗಿಟ್ಟುಕೊಂಡು, ಬಂದ ಗಿರಾಕಿಯನ್ನು ಬಾಗಿಲಲ್ಲೇ ನಿಲ್ಲಿಸಿ, ಎಡಗಣ್ಣಿನಿಂದ ಶುರು ಮಾಡಿದೆ. ಒಂದು, ಎರಡು, ಮೂರು. ಮಾವ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು.