ಎಂಟನೆಯ ಲೋಟ

ಆ ಮನೆಯಲ್ಲಿ ಇದ್ದದ್ದು ನಾಲ್ಕೇ ಜನ, ಟೀ ಲೋಟದ ವಿಷಯಕ್ಕೆ ಬಂದರೆ ನಾಲ್ಕು ಪಕ್ಷ. ಅಮ್ಮನದು ಗಾಜಿನ ಪಕ್ಷ. "ಬಣ್ಣ ಕಾಣ್ಬೇಕು. ಟೀಗೆ ನೀರು ಸುರಿದಿದ್ರೆ ಗಾಜು ಯಾರ ಮುಲಾಜೂ ನೋಡಲ್ಲ" ಎನ್ನುತ್ತಿದ್ದಳು. ಟೀ ಮಾಡುವವಳೂ ನೀರು ಸುರಿಯುವವಳೂ ಅವಳೇ ಎಂಬ ವಿಷಯವನ್ನು ಯಾರೂ ಎತ್ತುತ್ತಿರಲಿಲ್ಲ. ಬಸ್ ಕಂಡಕ್ಟರ್ ಅಣ್ಣನಿಗೆ ಫ್ಲಾಸ್ಕಿನ ಪ್ಲಾಸ್ಟಿಕ್ ಮುಚ್ಚಳವೇ ಲೋಟ. ಡ್ರೈವರು ಬ್ರೇಕ್ ಒತ್ತಿದಾಗ ಬಸ್ಸಿನಲ್ಲಿ ಸುಮ್ಮನಿರುವ ಪ್ರಯಾಣಿಕ ಅದೊಂದೇ ಎಂದು ಅವನ ವಾದ.

ಅಪ್ಪನದು ಸ್ಟೀಲು. ಅಂಗಡಿಯ ಸ್ಟೀಲಲ್ಲ. ಪಾತ್ರೆ ಕಾರ್ಖಾನೆಯಲ್ಲಿ ಮೂವತ್ತೈದು ವರ್ಷ ಲೇತಿನ ಮುಂದೆ ನಿಂತು, ಗಿರಗಿರ ತಿರುಗುವ ತಗಡನ್ನು ಅಚ್ಚಿಗೆ ಒತ್ತಿ ಒತ್ತಿ ತಾನೇ ಮಾಡಿದ ಲೋಟ. ತಳದಲ್ಲಿ ಮೂರು ಚುಕ್ಕೆ. ಆ ಕಾರ್ಖಾನೆಯಲ್ಲಿ ಪ್ರತಿ ಕೆಲಸಗಾರನಿಗೂ ಅವನದೇ ಒಂದು ಗುರುತಿತ್ತು, ತಪಾಸಣೆಯಲ್ಲಿ ಪಾಸಾದ ಮಾಲಿಗೆ ಮಾತ್ರ ಅದನ್ನು ಹೊಡೆಯಬಹುದಿತ್ತು. ಫೇಲಾದದ್ದಕ್ಕೆ ಸೀಮೆಸುಣ್ಣದ ಕತ್ತರಿ ಗೀಟು. ಕೊನೆಯ ಹತ್ತು ವರ್ಷ ತಪಾಸಣೆಯೂ ಅಪ್ಪನದೇ, ಆ ಸೀಮೆಸುಣ್ಣ ಅವನ ಕಿವಿಯ ಮೇಲೇ ಇತ್ತು. ಜನ ಅವನ ಹೆಸರು ಮರೆತು ಮಿಲಿಮೀಟರ್ ಎಂದು ಕರೆಯತೊಡಗಿದ್ದರು. ನಿವೃತ್ತಿಯಾದ ಮೇಲೂ ಸೀಮೆಸುಣ್ಣ ಕಿವಿಯಿಂದ ಕೆಳಗಿಳಿಯಲಿಲ್ಲ. ಅಮ್ಮನ ದೋಸೆಗಳು ದುಂಡಗಿದ್ದದ್ದಕ್ಕೆ ಅದೇ ಕಾರಣವಿದ್ದೀತು.

ನಾಲ್ಕನೆಯ ಪಕ್ಷ ಮಗಳು ಗುಬ್ಬಿಯದು: ಮಣ್ಣು. ಕಾಲೇಜು ಮುಗಿಸಿ ಎರಡು ವರ್ಷ ಕಚೇರಿಯೊಂದರಲ್ಲಿ ಫೈಲು ಸವೆಸಿ, ಆಮೇಲೆ ಆ ಕುರ್ಚಿಗೆ ದೊಡ್ಡ ನಮಸ್ಕಾರ ಹಾಕಿ, ಹಿತ್ತಲ ಶೆಡ್ಡಿನಲ್ಲಿ ತಿಗರಿ ಹೂಡಿದವಳು. ಅವಳ ಕೈಯ ಲೋಟ, ಬಟ್ಟಲುಗಳನ್ನು ಎರಡು ಅಂಗಡಿಯವರು ಕೇಳಿ ತರಿಸಿಕೊಳ್ಳುತ್ತಿದ್ದರು. ಆದರೂ ಮಗಳು ಏನು ಮಾಡ್ತಾಳೆ ಎಂದು ಯಾರಾದರೂ ಕೇಳಿದರೆ ಅಪ್ಪನ ಉತ್ತರ ಒಂದೇ: "ಮಣ್ಣಲ್ಲಿ ಆಡ್ತಾಳೆ."

ಆ 'ಆಡ್ತಾಳೆ' ಗುಬ್ಬಿಗೆ ಹಲ್ಲಿನ ಸಂದಿಯ ನಾರಿನಂತೆ ಸಿಕ್ಕಿಕೊಂಡಿತ್ತು.

"ಅಪ್ಪಾ, ನಿಂದೂ ತಿರುಗಿಸೋ ಕೆಲಸ, ನಂದೂ ತಿರುಗಿಸೋ ಕೆಲಸ. ಏನು ವ್ಯತ್ಯಾಸ?" ಎಂದು ಒಂದು ದಿನ ಕೇಳಿಯೇಬಿಟ್ಟಳು.

"ನಂದು ಬಿದ್ರೆ ಎತ್ಕೋಬೋದು. ನಿಂದು ಬಿದ್ರೆ ಗುಡಿಸ್ಬೇಕು."

"ಹಾಗಾದ್ರೆ ನನ್ನ ಲೋಟದಲ್ಲಿ ನೀನು ಯಾವತ್ತೂ ಟೀ ಕುಡಿಯಲ್ವಾ?"

"ಪಾಸಾದ್ರೆ ದಿನಾ ಕುಡೀತೀನಿ. ಅವತ್ತಿಂದ ಅದನ್ನ ಕೆಲಸ ಅಂತೀನಿ."

ಏಳು ತಿಂಗಳು, ಏಳು ಲೋಟ. ಪ್ರತಿ ತಿಂಗಳ ಮೊದಲ ಭಾನುವಾರ ಅಪ್ಪ ಊಟದ ಮೇಜಿನ ಮೇಲೆ ಗಾಜಿನ ಹಲಗೆಯಿಟ್ಟು, ಅದರ ಮೇಲೆ ಲೋಟ ನಿಲ್ಲಿಸಿ ಅಲುಗುತ್ತದೆಯೇ ನೋಡುತ್ತಿದ್ದ. ಹೆಬ್ಬೆರಳಿನಿಂದ ಅಂಚನ್ನು ಸುತ್ತು ಬರುತ್ತಿದ್ದ. ಟೀ ಹಾಕಿಸಿಕೊಂಡು ಎರಡು ಗುಟುಕು ಕುಡಿದು, ಲೋಟವನ್ನು ಈ ಕೈಯಿಂದ ಆ ಕೈಗೆ ದಾಟಿಸಿ, ಕೊನೆಗೆ ಮಗುಚಿ ತಳಕ್ಕೆ ಕತ್ತರಿ ಗೀಟು ಎಳೆದುಬಿಡುತ್ತಿದ್ದ. ತಪ್ಪೇನೆಂದು ಹೇಳುವಂತಿಲ್ಲ. ಅದು ಕಾರ್ಖಾನೆಯ ನಿಯಮ. "ಹೇಳಿದ್ರೆ ಆ ಒಂದು ತಪ್ಪು ತಿದ್ಕೋತಾರೆ. ಹೇಳದಿದ್ರೆ ಎಲ್ಲಾ ತಪ್ಪೂ ಹುಡುಕ್ತಾರೆ."

ಗುಬ್ಬಿ ಎಲ್ಲವನ್ನೂ ಹುಡುಕಿದಳು. ಸ್ಟೀಲಿಗೆ ಸಮ ಮಾಡುತ್ತೇನೆಂದು ಲೋಟದ ಗೋಡೆಯನ್ನು ತೆಳು ಮಾಡುತ್ತ ಹೋದಳು. ಹಿಡಿಯನ್ನು ದುಂಡಗೆ, ಚಪ್ಪಟೆಗೆ, ಕಿವಿಯಾಕಾರಕ್ಕೆ ತಿದ್ದಿದಳು. ಏಳನೆಯದು ಎಷ್ಟು ನಾಜೂಕಾಗಿತ್ತೆಂದರೆ ಅಮ್ಮ ಗಾಜಿನ ಪಕ್ಷ ಬಿಟ್ಟು ಅತ್ತ ವಾಲುವ ಲಕ್ಷಣ ತೋರಿಸಿದ್ದಳು. ಅದಕ್ಕೂ ಗೀಟು ಬಿತ್ತು.

ಆ ಸಂಜೆ ಅಪ್ಪ ಹೊರಗೆ ಹೋಗಿದ್ದಾಗ, ತಂಗಿಯ ಜೋಲುಮುಖ ನೋಡಲಾರದೆ ಅಣ್ಣ ತನ್ನ ಆಟ ಶುರುಮಾಡಿದ. ದಿನಕ್ಕೆ ಸಾವಿರ ಪ್ರಯಾಣಿಕರನ್ನು ನೋಡುವವನು, ಯಾರನ್ನು ಬೇಕಾದರೂ ಮೈಮೇಲೆ ತಂದುಕೊಳ್ಳಬಲ್ಲ. "ಈಗ ನಿಮ್ಮ ಮುಂದೆ, ಮಾನ್ಯ ಮಿಲಿಮೀಟರ್ ಸಾಹೇಬ್ರು" ಎಂದವನೇ ಎಡಭುಜ ಇಳಿಸಿದ, ಗಂಟಲು ಕೆರೆದ, ಕಿವಿಯ ಮೇಲೆ ಬೀಡಿಯಷ್ಟುದ್ದದ ಪೆನ್ಸಿಲ್ ಸಿಕ್ಕಿಸಿದ. ಆಮೇಲೆ ಸ್ಟೀಲು ಲೋಟವನ್ನು ಹೆಬ್ಬೆರಳು ಮತ್ತು ನಡುಬೆರಳಿನಲ್ಲಿ ಅಂಚಿಗೆ ಹಿಡಿದು ಸೊರ್ರ್ ಎಂದು ಎಳೆದ. ಅಮ್ಮನಿಗೆ ನಕ್ಕು ನಕ್ಕು ಟೀ ನೆತ್ತಿಗೇರಿತು.

ಗುಬ್ಬಿ ಮಾತ್ರ ನಗಲಿಲ್ಲ. "ತೋರುಬೆರಳು ಯಾಕೆ ಮಡಚಿದೀಯ?"

"ಅಪ್ಪಂಗೆ ಅಲ್ಲಿ ಬೆರಳೆಲ್ಲಿದೆ? ಅರ್ಧ ಲೇತು ತಿಂತಲ್ಲ, ನೀನಿನ್ನೂ ತೊಟ್ಟಿಲಲ್ಲಿದ್ದೆ."

ಅವಳಿಗೆ ಗೊತ್ತಿತ್ತು. ಗೋಡೆಯ ಬಣ್ಣ ಗೊತ್ತಿರುವಂತೆ ಗೊತ್ತಿತ್ತು, ದಿನಾ ನೋಡಿ ನೋಡಿ ಕಾಣದಂತಾಗಿತ್ತು. ಹಿಡಿಯಿರುವ ಲೋಟದ ಭಾರ ಹೊರುವುದೇ ತೋರುಬೆರಳು. ಏಳು ತಿಂಗಳಿಂದ ಅವಳು ಏಳು ಹಿಡಿಗಳನ್ನು ಯಾರ ಕೈಗೋ ಮಾಡುತ್ತ ಕೂತಿದ್ದಳು.

"ಎದ್ದೇಳು, ಶೆಡ್ಡಿಗೆ ಬಾ" ಎಂದು ಅಣ್ಣನ ತೋಳು ಹಿಡಿದೆಳೆದಳು. ಹಸಿ ಲೋಟ ಕೈಗಿಟ್ಟು, "ಅಪ್ಪನ ಹಾಗೇ ಹಿಡಿ. ಅಪ್ಪನಷ್ಟೇ ಗಟ್ಟಿಯಾಗಿ."

"ಬೈಯಲಾ ಜೊತೆಗೆ?"

"ಬೇಡ, ಹಿಡಿ ಸಾಕು."

ಅವನ ಬೆರಳೊತ್ತಿದ ಜಾಗಗಳನ್ನು ಉಳಿಸಿಕೊಂಡಳು. ಅಳತೆಗೆ ಅಪ್ಪನ ಹಳೆಯ ಚರ್ಮದ ಕೈಗವಸು ಹುಡುಕಿ ತೆಗೆದಳು. ಅದರ ತೋರುಬೆರಳನ್ನು ಅಮ್ಮ ಎಂದೋ ಅರ್ಧಕ್ಕೆ ಮಡಚಿ ಹೊಲಿದಿದ್ದಳು. ಎಂಟನೆಯ ಲೋಟಕ್ಕೆ ಹಿಡಿಯಿಲ್ಲ. ಹೊಟ್ಟೆ ದಪ್ಪ, ಅಂಚು ತೆಳು. ಒಂದು ಕಡೆ ಹೆಬ್ಬೆರಳಿಗೆ ತಗ್ಗು, ಇನ್ನೊಂದು ಕಡೆ ನಡುಬೆರಳಿಗೆ ಉಬ್ಬಿದ ಏಣು, ಅದರ ಮೇಲೆ ಮೊಂಡು ಬೆರಳಿಗೊಂದು ಪುಟ್ಟ ಗುಳಿ.

ಭಾನುವಾರ ಬಂತು. ಲೋಟ ಹಲಗೆಯ ಮೇಲೆ ಅಲುಗಲಿಲ್ಲ. ಅಂಚು ಸುತ್ತಿದ ಹೆಬ್ಬೆರಳು ಹೊಟ್ಟೆಗಿಳಿದು ನಿಂತಿತು.

"ಸೊಟ್ಟಗಿದೆ. ನಮ್ಮಲ್ಲಿ ತಗ್ಗು ಬಿದ್ದಿದ್ದನ್ನ ಮೇಜಿನ ತನಕವೂ ತರ್ತಿರ್ಲಿಲ್ಲ." ಕೈ ಕಿವಿಯತ್ತ ಹೋಯಿತು.

ತಗ್ಗು ಯಾಕೆಂದು ಗುಬ್ಬಿಯೂ ಹೇಳುವಂತಿಲ್ಲ. ನಿಯಮ ಇಬ್ಬರಿಗೂ ಒಂದೇ. ಅಮ್ಮನೇ ಟೀ ಸುರಿದಳು: "ಕುಡಿದು ಗೀಚಿ. ನಾನೇನು ಎರಡು ಸಲ ಕಾಯಿಸಲ್ಲ."

ಅಪ್ಪ ಲೋಟ ಎತ್ತಿದ. ಹೆಬ್ಬೆರಳು ತಗ್ಗಿಗೆ ಬಿತ್ತು, ನಡುಬೆರಳು ಏಣಿನ ಮೇಲೆ ಕೂತಿತು. ಇಪ್ಪತ್ತಾರು ವರ್ಷದಿಂದ ಗಾಳಿಯಲ್ಲೇ ನಿಂತಿದ್ದ ಮೊಂಡು ಬೆರಳು ಗುಳಿಯೊಳಗೆ ಹೋಗಿ ನಿಂತಿತು. ಅಪ್ಪ ಅದನ್ನು ಹೊರತೆಗೆದ. ಮತ್ತೆ ಇಟ್ಟ. ಯಾರ ಮುಖವನ್ನೂ ನೋಡದೆ, ಒಮ್ಮೆಯೂ ಕೈ ಬದಲಿಸದೆ, ತಳ ಕಾಣುವವರೆಗೆ ಕುಡಿದ. ಖಾಲಿ ಲೋಟ ಮಗುಚಿ ಬಹಳ ಹೊತ್ತು ನೋಡಿದ.

"ಗುರುತೆಲ್ಲಿ?"

"ಯಾವ ಗುರುತಪ್ಪ?"

"ಪಾಸಾದ ಮಾಲಿನ ಮೇಲೆ ಮಾಡಿದೋರ ಗುರುತಿರ್ಬೇಕು. ಇಷ್ಟು ಕೆಲಸ ಮಾಡ್ತೀಯ, ಅದೂ ಗೊತ್ತಿಲ್ವಾ?" ಸೀಮೆಸುಣ್ಣ ಕಿವಿಯ ಮೇಲಕ್ಕೆ ವಾಪಸಾಯಿತು. "ನಿಂದೇ ಒಂದು ಮಾಡ್ಕೋ. ನನ್ನ ಮೂರು ಚುಕ್ಕೆ ಕೇಳ್ಬೇಡ, ಅದು ನಂದು."

ಗುಬ್ಬಿ ಅಪ್ಪನ ಪೆಟ್ಟಿಗೆಯ ಉಕ್ಕಿನ ಮೊಳೆ ತೆಗೆದುಕೊಂಡು, ಲೋಟದ ತಳದಲ್ಲಿ ಹಕ್ಕಿಯ ಕಾಲಿನಂತೆ ಮೂರು ಗೆರೆ ಕೆತ್ತಿದಳು. ಕೆತ್ತುವಾಗ ಅವಳ ಬೆನ್ನು ತಾನಾಗಿಯೇ ನೆಟ್ಟಗಾಗಿತ್ತು.

ಮರುವಾರ ಅಂಗಡಿಗೆ ಮಾಲು ಕೊಟ್ಟು ಬರುವಾಗ ಗುಬ್ಬಿಗೆ ಕಾರ್ಖಾನೆ ಗೇಟಿನ ಟೀ ಅಂಗಡಿಯಲ್ಲಿ ಅಪ್ಪನ ಬೆನ್ನು ಕಂಡಿತು. ಅವನ ಹಳೆಯ ಜೊತೆಗಾರ ವೆಲ್ಡರು ಆ ಲೋಟವನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ.

"ಯಾರು ಮಾಡಿದ್ದು ಇದನ್ನ?"

"ನನ್ನ ಮಗಳು. ಲೋಟ ಮಾಡೋ ಕೆಲಸ ಅವಳದು. ನಮ್ಮದೇ ಲೈನು."

ವೆಲ್ಡರು ಹಿಡಿದು ನೋಡಿದ, ಬೆರಳು ಅತ್ತಿತ್ತ ಸರಿಸಿದ. "ಕೈಗೆ ಸರಿಯಾಗಿ ಕೂರ್ತಾನೇ ಇಲ್ವಲ್ಲಯ್ಯ."

ಅಪ್ಪ ಲೋಟ ವಾಪಸು ತೆಗೆದುಕೊಂಡ. "ನಿನ್ನ ಕೈಗೆ ಕೂರಲ್ಲ. ನಿಂಗೆ ಅರ್ಧ ಬೆರಳು ಜಾಸ್ತಿ."