ಗಾಜಿನ ಕಪಾಟಿನ ಮಾತ್ರೆ

ದರ್ಜಿ ಹೆಂಗಸು ಪ್ರಾರ್ಥನಾಲಯದ ನೆಲದ ಮೇಲೆ ಮಂಡಿಯೂರಿ, ಬೋಧಕರ ಹೊಸ ನಿಲುವಂಗಿಯ ಅಂಚಿಗೆ ಗುಂಡುಸೂಜಿ ಚುಚ್ಚುತ್ತಿದ್ದಳು. ತುಟಿಯ ನಡುವೆ ಸೂಜಿಗಳನ್ನು ಕಚ್ಚಿಕೊಂಡಿದ್ದಳು, ಅವುಗಳ ಜೊತೆ ಸಿಟ್ಟನ್ನೂ.

ಬೆಳಿಗ್ಗೆ ಇಸ್ತ್ರಿ ಮಾಡುತ್ತಿದ್ದ ತಂಗಿ ದಬಕ್ಕನೆ ಬಿದ್ದು ಕೈಕಾಲು ಬಡಿದುಕೊಂಡಿದ್ದಳು. ಕಾದ ಇಸ್ತ್ರಿಪೆಟ್ಟಿಗೆ ಮುಂಗೈಯ ಚರ್ಮವನ್ನೇ ಕಿತ್ತಿತ್ತು. ಇಷ್ಟು ವರ್ಷ ಮಾತ್ರೆಯಿಂದ ಹತೋಟಿಯಲ್ಲಿದ್ದ ಮೂರ್ಛೆ ಮತ್ತೆ ಯಾಕೆ ಬಂತೆಂದು ಕೇಳಿದರೆ, ತಂಗಿ ಹೇಳಿದ್ದಿಷ್ಟು: "ಮಾತ್ರೆ ಎಲ್ಲಾ ಕಪಾಟಿಗೆ ಹಾಕ್ಬಿಟ್ಟೆ ಅಕ್ಕಾ. ನಂಬಿದೋರಿಗೆ ಮಾತ್ರೆ ಯಾಕೆ ಅಂದ್ರು ಅಯ್ಯನೋರು."

ಕಪಾಟೆಂದರೆ ವೇದಿಕೆಯ ಪಕ್ಕದ ಗಾಜಿನ ಕಪಾಟು. ವಾಸಿಯಾಯಿತೆಂದು ಸಾಕ್ಷಿ ಹೇಳಿದವರ ಊರುಗೋಲು, ಕನ್ನಡಕ, ಔಷಧಿ ಎಲ್ಲವೂ ಬೀಗದೊಳಗೆ, ಗೆದ್ದು ತಂದ ಪದಕಗಳ ಹಾಗೆ. ಊರುಗೋಲು ಕೊಟ್ಟವನು ಈಗ ಗೋಡೆ ಹಿಡಿದು ನಡೆಯುತ್ತಾನೆ. ಆ ಸಾಕ್ಷಿಯನ್ನು ಯಾರೂ ಕೇಳುವುದಿಲ್ಲ.

"ಭಾನುವಾರ ನಿನ್ನ ತಂಗಿ ಸಾಕ್ಷಿ ಹೇಳ್ಬೇಕು," ಎಂದರು ಬೋಧಕರು, ಎದುರಿನ ನಿಲುಗನ್ನಡಿಯಿಂದ ಕಣ್ಣು ಕದಲಿಸದೆ.

ಅವಳು ಬಾಯಿಂದ ಸೂಜಿ ತೆಗೆದಳು. "ಬೆಳಿಗ್ಗೆ ಮತ್ತೆ ಬಿದ್ಲು ಅಯ್ಯಾ. ಕೈ ಸುಟ್ಕೊಂಡಿದಾಳೆ."

"ಸೈತಾನ ಹೋಗೋವಾಗ ಒಂದ್ಸಲ ಒದ್ದೇ ಹೋಗೋದು. ಒಂದು ಉದ್ದ ತೋಳಿನ ರವಿಕೆ ಹೊಲಿದ್ಬಿಡು. ಗಾಯ ಜನಕ್ಕೆ ಕಾಣಬಾರ್ದು."

ಬಿಗಿ ಹೆಚ್ಚಾದ ದಾರದ ಹಾಗೆ ಅವಳೊಳಗೆ ಏನೋ ಪಟ್ಟನೆ ಕಡಿದುಹೋಯಿತು.

"ಗಾಯಕ್ಕೆ ಏನು ಹಚ್ಚಿದೆ ಅಂತ ಕೇಳ್ಲಿಲ್ಲ. ತೋಳಿನ ಅಳತೆ ಹೇಳಿದ್ರಿ!" ಎದ್ದು ನಿಂತಳು. "ಬೈಬಲಲ್ಲಿ ರಕ್ತ ಹೋಗ್ತಿದ್ದ ಆ ಹೆಂಗಸು ಹಿಂದಿನಿಂದ ಬಂದು ಬಟ್ಟೆಯಂಚು ಮುಟ್ಟಿದ್ದಕ್ಕೆ, ಅಂಥಾ ನೂಕುನುಗ್ಗಲಲ್ಲೂ ಯೇಸು ನಿಂತ. ತಿರುಗಿ ನೋಡಿದ. ಮಗಳೇ ಅಂದ. ನಾನು ಆಗಿನಿಂದ ನಿಮ್ಮ ಅಂಚು ಹಿಡ್ಕೊಂಡೇ ಕೂತಿದೀನಿ. ನಿಮ್ಗೆ ಕನ್ನಡಿ ಸಾಲ್ತಿಲ್ಲ!"

"ನಂಬಿಕೆ ಇಲ್ಲದ ಮನೆ ನಿಮ್ಮದು. ಅದಕ್ಕೇ ಕಾಯಿಲೆ ಹೋಗಿಲ್ಲ."

"ಅವಳಿಗೆ ನಂಬಿಕೆ ಇತ್ತು ಅಂತ್ಲೇ ಕೈ ಸುಟ್ಟಿದ್ದು!"

ದೊಡ್ಡ ಕತ್ತರಿಯನ್ನು ಕಪಾಟಿನ ಚಿಲಕದ ಸಂದಿಗೆ ತೂರಿಸಿ ಮೀಟಿದಳು. ತಡೆಯಲು ನುಗ್ಗಿದ ಬೋಧಕರು ಅಂಚು ತುಳಿದು, ಕಾಲಿಗೆ ಸೂಜಿ ಚುಚ್ಚಿಸಿಕೊಂಡು, ಅಯ್ಯಯ್ಯೋ ಎಂದು ಕುಂಟಿದರು.

"ಸೂಜಿ ಇದೆ ಅಯ್ಯಾ, ನೋಡ್ಕೊಂಡು ನಡೀರಿ."

ಚಿಲಕ ಕಿತ್ತುಬಂತು. ತಂಗಿಯ ಮಾತ್ರೆ ತೆಗೆದು ಸೆರಗಿಗೆ ಕಟ್ಟುವಷ್ಟರಲ್ಲಿ ಹಿಂದಿನಿಂದ ಕಸ ಗುಡಿಸುವ ಅಜ್ಜಿಯ ದನಿ ಕೇಳಿತು. "ಮಗಾ, ಹಂಗೇ ಆ ಕಪ್ಪು ಕಟ್ಟಿನ ಕನ್ನಡಕ ಕೊಡವ್ವಾ, ನಂದು. ವಾಸಿಯಾಯ್ತು ಅಂತ ನಾನೇ ಹೇಳಿದ್ದೆ. ಈಗ ಗುಡ್ಸಿದ್ದು ಕಸಾನೋ ನೆಲಾನೋ ತಿಳೀವಲ್ದು."

ಅವಳು ಕನ್ನಡಕ ಒರೆಸಿ ಅಜ್ಜಿಯ ಮೂಗಿನ ಮೇಲೆ ಕೂರಿಸಿದಳು. ಅಜ್ಜಿ ಮೊದಲು ನೋಡಿದ್ದು ಬೋಧಕರನ್ನು. ಆಮೇಲೆ ಪೊರಕೆ ಎತ್ತಿಕೊಂಡು ಹೋದಳು.

ಮನೆಯಲ್ಲಿ ತಂಗಿ ಗೋಡೆಗೆ ಮುಖ ತಿರುಗಿಸಿದಳು. "ಅಯ್ಯನೋರ ಎದುರು ನನ್ನ ನಂಬಿಕೆ ಮಣ್ಣುಪಾಲು ಮಾಡ್ದೆ."

"ಮಾಡ್ದೆ, ಬಯ್ಯಿ." ಅಕ್ಕ ತಟ್ಟೆಗೆ ಅನ್ನ ಬಡಿಸಿದಳು. ಸಿಟ್ಟಿಗೆ ಸೌಟು ಟಣ್ಣೆಂದಿತು. "ಸತ್ತ ಹುಡುಗೀನ ಎಬ್ಬಿಸಿದ ಮೇಲೆ ಯೇಸು ಏನಂದ ಗೊತ್ತಾ? ಯಾರಿಗೂ ಹೇಳ್ಬೇಡಿ, ಇವಳಿಗೆ ತಿನ್ನೋಕೆ ಕೊಡಿ ಅಂದ. ವೇದಿಕೆ ಹತ್ತಿಸಿ ಅನ್ನಲಿಲ್ಲ. ತಿನ್ನು. ತಿಂದು ಮಾತ್ರೆ ನುಂಗು."

ಸುಟ್ಟ ಕೈ ಮೇಲೇಳಲಿಲ್ಲ. ಅಕ್ಕ ತುತ್ತು ಕಲಸಿ ಹಿಡಿದಳು. ತಂಗಿ ದುರುಗುಟ್ಟಿಕೊಂಡೇ ಬಾಯಿ ತೆರೆದಳು.