ತುಟಿ ಇನ್ನೂ ದಪ್ಪಗಾಗಿಲ್ಲ

"ನಾಲಿಗೆ ಜೋಮು ಹಿಡಿದಿದೆ ಡಾಕ್ಟ್ರೇ. ತುಟಿ ಇಲ್ಲ," ಎಂದಳು ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಒರಗಿದ್ದ ಬಸ್ ಡ್ರೈವರಮ್ಮ.

"ನಾಲಿಗೆ ಆದ್ರೆ ತುಟೀನೂ ಆದ ಹಾಗೇ. ಬಾಯಿ ದೊಡ್ಡದಾಗಿ ತೆಗೀರಿ."

"ಆಗಿಲ್ಲ. ಇಂಜೆಕ್ಷನ್ ಕೊಡುವಾಗ ತುಟಿ ದಪ್ಪ ಅನ್ನಿಸುತ್ತೆ ಅಂತ ನೀವೇ ಅಂದ್ರಲ್ಲ? ಹೇಗಿತ್ತೋ ಹಾಗೇ ಇದೆ."

ಅಲ್ಲ, ತನ್ನ ತುಟಿಯ ಸುದ್ದಿ ತನಗೆ ಗೊತ್ತಿರದೆ ಇನ್ಯಾರಿಗೆ ಗೊತ್ತಿರಬೇಕು? ಆದರೆ ಡಾಕ್ಟರ ಕಣ್ಣು ಇದ್ದದ್ದು ಆಕೆಯ ಮುಖದ ಮೇಲಲ್ಲ, ಪಕ್ಕದ ಕಟ್ಟೆಯ ಮೇಲಿದ್ದ ಹಳದಿ ಕಾರ್ಡಿನ ಮೇಲೆ. ನಾಲ್ಕು ವರ್ಷದ ಹಿಂದೆ ಆಕೆ ಮೊದಲ ಸಲ ಬಂದಾಗ ಅದರ ಮೂಲೆಯಲ್ಲಿ ಎರಡು ಪದ ಬಿದ್ದಿದ್ದವು: 'ಹೆದರುವ ಸ್ವಭಾವ'. ಹಾಗೆ ಬರೆದ ಮೇಲೆ ಮುಗಿಯಿತು. ಅಯ್ಯೋ ಎಂದರೂ ಹೆದರಿಕೆ, ಅಮ್ಮಾ ಎಂದರೂ ಹೆದರಿಕೆ. ಅರವತ್ತು ಜನರನ್ನು ಹಿಂದೆ ಕೂರಿಸಿಕೊಂಡು ಲಾರಿಗಳ ನಡುವೆ ದಿನಾ ಬಸ್ಸು ನುಗ್ಗಿಸುವ ಹೆಂಗಸಿಗೆ ಹೆದರುವ ಸ್ವಭಾವವಂತೆ!

ಆ ಎರಡು ಪದ ಬರೆದವಳು ಸಿಸ್ಟರಮ್ಮ. ಡಾಕ್ಟರು ಹೇಳಿದ್ದರು, ಆಕೆ ಬರೆದಿದ್ದಳು. ಹನ್ನೊಂದು ವರ್ಷದಿಂದ ಈ ಕ್ಲಿನಿಕ್ಕಿನಲ್ಲಿ ಆಕೆಯದು ಇದೇ ಕೆಲಸ. ಇಕ್ಕಳ ಎತ್ತಿಕೊಡುವುದು, ಎಂಜಲು ಎಳೆಯುವ ಕೊಳವೆ ಹಿಡಿಯುವುದು, ಯಾರಾದರೂ ನರಳಿದರೆ "ಅದು ನೋವಲ್ಲಮ್ಮಾ, ಬರೀ ಒತ್ತಡ" ಎನ್ನುವುದು. ಕೈ ಮೇಲೆದ್ದರೆ ಹಿಡಿಯುವುದು.

ಬೆಳಿಗ್ಗೆ ಒಳಗೆ ಕಾಲಿಡುತ್ತಲೇ ಡ್ರೈವರಮ್ಮ ಆಕೆಯ ಗುರುತು ಹಿಡಿದಿದ್ದಳು. ಡ್ರೈವರಮ್ಮನ ಬಲಗೆನ್ನೆ ಚೆಂಡಿನಂತೆ ಊದಿತ್ತು. "ನೀವೇ ಅಲ್ವಾ ಅಕ್ಕಾ? ಅವತ್ತು ಎಡಗಡೆ ಹಲ್ಲು ಕೀಳುವಾಗ ನನ್ನ ಪ್ರಾಣವೇ ಹೋಗ್ತಿತ್ತು. ನೀವು ಕೈ ಬಿಡದೆ ಹಿಡ್ಕೊಂಡಿದ್ರಿ. ಅಲ್ಲೊಬ್ರು ಪುಣ್ಯಾತ್ಗಿತ್ತಿ ಇದಾರೆ ಅಂತ ನಮ್ಮ ಯಜಮಾನ್ರ ಹತ್ರ ಈಗ್ಲೂ ಹೇಳ್ತಿರ್ತೀನಿ. ಆ ನೋವು ನೆನೆಸ್ಕೊಂಡೇ ಈ ಹಲ್ಲಿಗೆ ನಾಲ್ಕು ವರ್ಷ ಬರೀ ಮಾತ್ರೆ ನುಂಗಿದೆ. ಇವತ್ತೂ ನೀವೇ ಇದೀರಲ್ಲ, ಸದ್ಯ."

ಸಿಸ್ಟರಮ್ಮನಿಗೆ ಎಲ್ಲಿ ಮುಖ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಅವತ್ತು ಆಕೆ ಕೈ ಹಿಡಿದದ್ದು ಸಮಾಧಾನಕ್ಕಲ್ಲ. ಡಾಕ್ಟರ ಮೊಣಕೈಗೆ ತಾಗದಿರಲಿ ಎಂದು ಕುರ್ಚಿಯ ತೋಳಿಗೆ ಒತ್ತಿ ಹಿಡಿದಿದ್ದಳು.

ಈಗ ಡಾಕ್ಟರು ಮೊನಚಾದ ಸಲಾಕೆಯನ್ನು ಹಲ್ಲಿನ ಬುಡಕ್ಕೆ ತೂರಿಸಿದರು. ಡ್ರೈವರಮ್ಮನ ಇಡೀ ಮೈ ಕುರ್ಚಿಯಿಂದ ಎಗರಿಬಿತ್ತು. ಕಾಲ ಚಪ್ಪಲಿ ಹಾರಿಹೋಯಿತು.

"ನೋವು! ನೋವು ಡಾಕ್ಟ್ರೇ!"

"ನೋವಲ್ಲ, ಒತ್ತಡ. ಸ್ವಲ್ಪ ಹಲ್ಲು ಕಚ್ಕೊಂಡು ತಡ್ಕೊಳ್ಳಿ."

"ಯಾವ ಹಲ್ಲು ಕಚ್ಲಿ? ಬಾಯಿ ತೆಗೆಸಿ ಇಟ್ಟಿದೀರಲ್ಲ!"

ಬೇರೆ ಹೊತ್ತಾಗಿದ್ದರೆ ಸಿಸ್ಟರಮ್ಮ ನಕ್ಕುಬಿಡುತ್ತಿದ್ದಳು. ಡಾಕ್ಟರು ತಲೆ ಎತ್ತದೆ, "ಸಿಸ್ಟರ್, ಕೈ," ಎಂದರು.

ಆಕೆಯ ಕೈ ಅಭ್ಯಾಸಬಲದಿಂದ ಅರ್ಧ ದಾರಿ ಹೋಗಿ ನಿಂತಿತು. ನಾಲಿಗೆಗೆ ಬೇಗ ಜೋಮು ಹಿಡಿಯುತ್ತದೆ, ಅದನ್ನು ನಂಬಬೇಡಿ; ಕೆಳದವಡೆಯ ನರಕ್ಕೆ ಮದ್ದು ತಲುಪಿದೆ ಎನ್ನಲು ತುಟಿಯೇ ಸಾಕ್ಷಿ. ಟ್ರೈನಿಂಗಿಗೆ ಬಂದ ಹುಡುಗಿಯರಿಗೆ ಇದೇ ಡಾಕ್ಟರು ಇದೇ ಕೋಣೆಯಲ್ಲಿ ಎಷ್ಟು ಸಲ ಹೇಳಿಲ್ಲ! ಪಾಠಕ್ಕೊಂದು, ಕುರ್ಚಿಯಲ್ಲಿ ಕೂತವರಿಗೆ ಇನ್ನೊಂದು. ಸಿಸ್ಟರಮ್ಮನಿಗೆ ಮೈಯೆಲ್ಲ ಉರಿಯಿತು. ಅವರ ಮೇಲೆ ಎಷ್ಟೋ, ತನ್ನ ಮೇಲೂ ಅಷ್ಟೇ.

"ಹಿಡಿಯಲ್ಲ ಡಾಕ್ಟ್ರೇ. ತುಟಿ ಆಗಿಲ್ಲ ಅಂತ ಅವ್ರು ಆಗ್ಲೇ ಹೇಳಿದ್ರು."

"ನಿಮ್ಮನ್ನ ಕೇಳಿದ್ನಾ? ಹೊರಗಡೆ ಆರು ಜನ ಕಾಯ್ತಿದಾರೆ."

"ಕಾಯ್ಲಿ ಬಿಡಿ. ಇನ್ನೊಂದು ಇಂಜೆಕ್ಷನ್ ತುಂಬಿಸ್ತೀನಿ."

"ನಾಳೆಯಿಂದ ನೀವು ಬರೋದೇ ಬೇಡ."

"ನಾಳೆ ಮಾತು ನಾಳೆ. ಇವತ್ತು ಇವರ ತುಟಿ ದಪ್ಪ ಆಗ್ಲಿ."

ಸಲಾಕೆ ತಟ್ಟೆಗೆ ಠಣ್ ಎಂದು ಬಿತ್ತು. ಆದರೂ ಡಾಕ್ಟರು ಸಿರಿಂಜಿಗೆ ಕೈ ಚಾಚಿದರು. ಇಕ್ಕಳ ಎತ್ತಿಕೊಡಲು ಸಿಸ್ಟರಮ್ಮನ ಹೊರತು ಬೇರೆ ಯಾರೂ ಇರಲಿಲ್ಲ. ಮೊದಲಿಗಿಂತ ಸ್ವಲ್ಪ ಹಿಂದಕ್ಕೆ, ಸ್ವಲ್ಪ ಮೇಲಕ್ಕೆ ಚುಚ್ಚಿ, ಮೊಬೈಲು ಹಿಡಿದು ಹೊರಗೆ ಹೋದರು. ಹತ್ತು ನಿಮಿಷ ಕಳೆಯಿತು. ಆಮೇಲೆ ಡ್ರೈವರಮ್ಮ ಬೆರಳಿನಿಂದ ತುಟಿ ಮುಟ್ಟಿ ನೋಡಿಕೊಂಡು, "ಆಯ್ತು ಅಕ್ಕಾ. ಯಾರದೋ ತುಟಿ ಮುಟ್ಟಿದ ಹಾಗಿದೆ," ಎಂದಳು.

ಡಾಕ್ಟರು ಒಳಗೆ ಬಂದ ಮೇಲಿನದು ನಾಲ್ಕು ನಿಮಿಷದ ಕೆಲಸ. ಡ್ರೈವರಮ್ಮನ ಕೈಗಳು ಮಡಿಲಲ್ಲಿ ಸುಮ್ಮನೆ ಬಿದ್ದಿದ್ದವು.

"ಯಾವಾಗ ಕೀಳ್ತೀರಾ?" ಎಂದಳು.

ಸಿಸ್ಟರಮ್ಮ ತಟ್ಟೆಯಲ್ಲಿದ್ದ ಹಲ್ಲು ತೋರಿಸಿದಳು. ಎರಡು ದಪ್ಪ ಬೇರು, ತುದಿಗೆ ಕೀವಿನ ಚೀಲ. ಡ್ರೈವರಮ್ಮ ಅದನ್ನು ನೋಡುತ್ತಾ ನೋಡುತ್ತಾ ಬಿಕ್ಕಿ ಬಿಕ್ಕಿ ಅಳತೊಡಗಿದಳು.

"ನೋಡಿದ್ರಾ ಸಿಸ್ಟರ್? ನೋವಿಲ್ದೇ ಇದ್ರೂ ಅಳು," ಎಂದು ಡಾಕ್ಟರು ಗ್ಲೌಸು ಕಿತ್ತರು.

"ಇವತ್ತು ಏನೂ ಆಗ್ಲಿಲ್ಲ," ಎಂದಳು ಡ್ರೈವರಮ್ಮ, ಹತ್ತಿ ಕಚ್ಚಿಕೊಂಡ ಬಾಯಲ್ಲೇ. "ಹಾಗಾದ್ರೆ ಅವತ್ತು? ಅವತ್ತೂ ಆಗ್ದೇ ಇರೋ ಹಾಗೆ ಮಾಡಬಹುದಿತ್ತಾ?"

"ಮುಂದಿನವರನ್ನ ಕಳಿಸಿ," ಎಂದು ಡಾಕ್ಟರು ಕೈ ತೊಳೆಯಲು ತಿರುಗಿದರು.

ಆಕೆ ಸಿಸ್ಟರಮ್ಮನ ಕಡೆ ನೋಡಿದಳು.

"ಮಾಡಬಹುದಿತ್ತು," ಎಂದಳು ಸಿಸ್ಟರಮ್ಮ. "ನಾನು ನಿಮ್ಮ ಕೈ ಹಿಡ್ಕೊಂಡಿರ್ಲಿಲ್ಲಮ್ಮಾ. ಏಳದೇ ಇರ್ಲಿ ಅಂತ ಒತ್ತಿ ಹಿಡಿದಿದ್ದೆ."

ನಲ್ಲಿಯ ಸದ್ದು ನಿಂತಿತು. ಡ್ರೈವರಮ್ಮ ಎದ್ದು ಕೂತು ಚಪ್ಪಲಿಗಾಗಿ ಕಾಲಿನಲ್ಲೇ ತಡಕಾಡಿದಳು. ಜೋಮು ಹಿಡಿದ ತುಟಿಯಂಚಿನಿಂದ ಕೆಂಪು ಬೆರೆತ ಎಂಜಲು ಗಲ್ಲಕ್ಕೆ ಇಳಿಯುತ್ತಿತ್ತು. ಅದು ಆಕೆಗೆ ತಿಳಿಯುವಂತಿರಲಿಲ್ಲ. ಸಿಸ್ಟರಮ್ಮ ಹತ್ತಿಯ ತುಂಡು ಹಿಡಿದು, ಒರೆಸಲೋ ಬೇಡವೋ ಎಂದು ಪಕ್ಕದಲ್ಲಿ ನಿಂತೇ ಇದ್ದಳು.